ಸುಯಿಗೆತ್ಸು ಸರೋವರದ ಹೂಳು ಜ್ವಾಲಾಮುಖಿಗಳ ಪೂರ್ತಿ ಲೆಕ್ಕ ಕೊಡುತ್ತದೆಯೇ?

ರಾಘು_ನಾಗೋಯಾ:
ಮೊನ್ನೆ ಜಪಾನಿನ ಫುಕುಯಿ ಪ್ರಾಂತ್ಯದ ವಾಕಾಸಾಕ್ಕೆ ಹೋಗಿ ಸುಯಿಗೆತ್ಸು ಸರೋವರದ ಹೂಳಿನ ಮ್ಯೂಸಿಯಂ ನೋಡಿಬಂದೆ. ತಳದಿಂದ ಕೊರೆದು ತೆಗೆದ ಹೂಳನ್ನು ತೆಳುವಾಗಿ ಸೀಳಿ, ಗಾಜಿನಲ್ಲಿ ಕೂರಿಸಿ, ಹಿಂದಿನಿಂದ ಬೆಳಕು ಹಾಯಿಸಿದ್ದಾರೆ. 45 ಮೀಟರ್ ಗೋಡೆ, 70,000 ವರ್ಷ. ವರ್ಷಕ್ಕೊಂದು ಪದರ, ಒಂದು ಮಿಲಿಮೀಟರ್ ದಪ್ಪ ಕೂಡ ಇಲ್ಲ. ನಡುನಡುವೆ ಬೂದಿಯ ಪಟ್ಟಿಗಳು. ಸುಮಾರು 30,000 ವರ್ಷದ ಹಿಂದೆ ಸಿಡಿದ, ದಕ್ಷಿಣ ಜಪಾನಿನ ಐರಾ ಜ್ವಾಲಾಮುಖಿಯ ಬೂದಿ ಗೇಣಿಗೂ ಹೆಚ್ಚು ದಪ್ಪ. 7,300 ವರ್ಷದ ಹಿಂದಿನ, ಅದೇ ಕಡೆಯ ಕಿಕಾಯ್ ಜ್ವಾಲಾಮುಖಿಯ ಬೂದಿಯೂ ಬರಿಗಣ್ಣಿಗೆ ಕಾಣುತ್ತದೆ. ಜಪಾನಿನ ಸುತ್ತಮುತ್ತ ಯಾವ ಬೆಟ್ಟ ಯಾವಾಗ ಸಿಡಿಯಿತು ಎಂದು ಬರೆಯಲು ಇದೊಂದು ಸರೋವರ ಸಾಕು ಅನ್ನಿಸಿತು.

ಸಹನಾ_ಕಡೂರು:
ನಂಬೋದು ಕಷ್ಟ. ನಮ್ಮೂರ ಕೆರೆ ಹೂಳೆತ್ತುವಾಗ ಜೆಸಿಬಿ ಬಗೆದ ಗುಂಡಿಗೆ ಇಳಿದು ನೋಡಿದ್ದೇನೆ. ಮೇಲಿಂದ ಕೆಳಗಿನವರೆಗೆ ಒಂದೇ ಕಲಸು. ವರ್ಷಕ್ಕೊಂದು ಪದರ ಅಲ್ಲಿ ಹೇಗೆ ಉಳಿಯಿತು?

ರಾಘು_ನಾಗೋಯಾ:
ನಮ್ಮ ಕೆರೆ ಬೇಸಿಗೆಯಲ್ಲಿ ಒಣಗುತ್ತದೆ, ದನ ಇಳಿಯುತ್ತವೆ, ಮಳೆ ಬಂದರೆ ಹಳ್ಳ ನೇರ ನುಗ್ಗುತ್ತದೆ. ಇಲ್ಲಿ ಹೊಳೆ ಮೊದಲು ಪಕ್ಕದ ಮಿಕಾತಾ ಸರೋವರಕ್ಕೆ ಸೇರಿ ದಪ್ಪ ಮಣ್ಣನ್ನೆಲ್ಲ ಅಲ್ಲೇ ಬಿಡುತ್ತದೆ. ಸುತ್ತ ಗುಡ್ಡ, ಗಾಳಿಯ ಹೊಡೆತ ಕಡಿಮೆ. 34 ಮೀಟರ್ ಆಳದಲ್ಲಿ ಆಮ್ಲಜನಕ ಇಲ್ಲದ್ದರಿಂದ ಕೆಸರು ಕದಡುವ ಹುಳಗಳೂ ಇಲ್ಲ. ಜೊತೆಗೆ ಪಕ್ಕದ ಸ್ತರಭಂಗದಿಂದಾಗಿ (ನೆಲದೊಳಗಿನ ಬಂಡೆ ಸೀಳಿ ಜರುಗುವ ಬಿರುಕು) ತಳ ನಿಧಾನಕ್ಕೆ ಕುಸಿಯುತ್ತಲೇ ಇದೆ. ಹಾಗಾಗಿ ಇಷ್ಟು ವರ್ಷವಾದರೂ ಸರೋವರ ತುಂಬಿಹೋಗಿಲ್ಲ.

ಧಾರವಾಡ_ಮಾಸ್ತರ:
ಪದರಿನ ಮಾತು ಖರೆ ಐತಿ. ಆದ್ರ 'ಇದೊಂದು ಸಾಕು' ಅನ್ನೂದನ್ನ ನಾ ಒಪ್ಪಂಗಿಲ್ಲ ರಾಘು. ಅಲ್ಲಿ ಮ್ಯಾಲಿನ ಗಾಳಿ ಪಶ್ಚಿಮದಿಂದ ಪೂರ್ವಕ್ಕ ಬೀಸತೈತಿ. ಫ್ಯೂಜಿ ಇರೂದು ನಿಮ್ಮ ಸರೋವರದ ಪೂರ್ವಕ್ಕ. 1707ರಾಗ ಅದು ಸಿಡಿದಾಗ ಬೂದಿ ಬಿದ್ದದ್ದು ಎದೋ ಮ್ಯಾಲೆ, ಅಂದ್ರ ಈಗಿನ ಟೋಕಿಯೊ. ಸುಯಿಗೆತ್ಸು ಹೂಳಷ್ಟ ನಂಬಿ ಕುಂತ್ರ ಫ್ಯೂಜಿ ಭಾಳ ಸಮಾಧಾನದ ಬೆಟ್ಟ ಅಂತ ತಿಳೀತೀರಿ. ಬೂದಿ ಇಲ್ಲ ಅಂದ್ರ ಸ್ಫೋಟ ಆಗಿಲ್ಲ ಅಂತ ಅಲ್ಲ. ಫ್ಯೂಜಿ ಲೆಕ್ಕಕ್ಕ ಅದರ ಬುಡದಾಗಿರೋ ಸರೋವರಗಳನ್ನ ಕೊರೀಬೇಕು.

ಸಹನಾ_ಕಡೂರು:
ಸರ್, ಇರುವ ಕಡೆಯಾದರೂ ದಪ್ಪ ಬೂದಿ ಅಂದರೆ ದೊಡ್ಡ ಸ್ಫೋಟ ಅನ್ನಬಹುದಲ್ಲವೇ?

ಧಾರವಾಡ_ಮಾಸ್ತರ:
ಅದೂ ಅನ್ನಾಕ ಬರಂಗಿಲ್ಲವ್ವಾ. ಕರ್ನೂಲ್ ಕಡೆ ಜ್ವಾಲಾಪುರಂದಾಗ ಸುಮಾತ್ರಾದ ಟೋಬಾ ಜ್ವಾಲಾಮುಖಿ ಬೂದಿ ಐತಿ, ಸುಮಾರು 74,000 ವರ್ಷದ್ದು. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರು ಹೊರಗಿನ ವಿದ್ವಾಂಸರ ಜೋಡಿ ಅಲ್ಲಿ ಉತ್ಖನನ ಮಾಡಿದ್ರು. ಕೆಲವು ಕಡೆ ಎರಡು ಮೀಟರ್‌ಗಿಂತ ದಪ್ಪ ಐತಿ. ಅಷ್ಟೂ ಆಕಾಶದಿಂದ ಬಿದ್ದದ್ದಲ್ಲ. ಮೊದಲು ಬಿದ್ದದ್ದು ತೆಳು ಪದರ. ಆಮ್ಯಾಲೆ ಸುತ್ತಲಿನ ಬೂದಿ ಮಳಿನೀರಿನಾಗ ಕೊಚ್ಚಿ ಬಂದು ತಗ್ಗಿನಾಗ ಕೂಡಿತು.

ರಾಘು_ನಾಗೋಯಾ:
ಫ್ಯೂಜಿ ವಿಷಯ ಒಪ್ಪಿದೆ ಮಾಸ್ತರೇ. ಆದರೆ ಕಣ್ಣಿಗೆ ಕಾಣದ ಬೂದಿಯನ್ನು ಬಿಡಬೇಡಿ. ಹೂಳನ್ನು ಸಣ್ಣ ಸಣ್ಣ ತುಂಡು ಮಾಡಿ, ಭಾರದ ದ್ರವದಲ್ಲಿ ತೇಲಿಸಿ, ಬೂದಿಯ ಗಾಜಿನ ಚೂರುಗಳನ್ನು ಬೇರೆ ಮಾಡುತ್ತಾರೆ. ಎಲೆಕ್ಟ್ರಾನ್ ಕಿರಣ ಹಾಯಿಸಿ ಸಿಲಿಕಾ, ಪೊಟ್ಯಾಸಿಯಂ ಎಷ್ಟೆಷ್ಟಿದೆ ನೋಡಿದರೆ ಯಾವ ಬೆಟ್ಟದ್ದೆಂದು ಗೊತ್ತಾಗುತ್ತದೆ. ಕೊರಿಯಾದ ಉಲ್ಲುಂಗ್ ದ್ವೀಪ ಅಂದುಕೊಂಡದ್ದಕ್ಕಿಂತ ಹೆಚ್ಚು ಸಲ ಸಿಡಿದಿದೆ ಎಂದು ತೋರಿಸಿದ್ದು ಸುಯಿಗೆತ್ಸುವಿನ ಈ ಚೂರುಗಳೇ. ದ್ವೀಪದ ಮೇಲೆ ಹಳೆಯ ಪದರಗಳನ್ನು ಹೊಸವು ಹೂತುಹಾಕುತ್ತವೆ. ಇಲ್ಲಿ ಅವು ಸಾಲಾಗಿ ಕೂತಿವೆ.

ಸಹನಾ_ಕಡೂರು:
ಆ ಚೂರುಗಳೂ ಗುಡ್ಡದಿಂದ ತಡವಾಗಿ ತೊಳೆದು ಬಂದವಾಗಿದ್ದರೆ? ಒಂದೇ ಸ್ಫೋಟವನ್ನು ಎರಡು ಸಲ ಎಣಿಸಿದಂತಾಗುವುದಿಲ್ಲವೇ?

ಧಾರವಾಡ_ಮಾಸ್ತರ:
ಚಲೋ ಪ್ರಶ್ನೆ. ಚೂರುಗಳ ಸಂಖ್ಯೆ ನೋಡ್ತಾರ. ಆಗಷ್ಟ ಬಿದ್ದ ಬೂದಿ ಆದ್ರ ಒಮ್ಮಿಂದೊಮ್ಮೆ ಏರತೈತಿ; ತೊಳೆದು ಬಂದದ್ದು ಮುಂದಿನ ಪದರುಗಳೊಳಗ ಅಷ್ಟಷ್ಟ ಕಾಣತೈತಿ. ಆಮ್ಯಾಲೆ ಬ್ಯಾರೆ ಕಡೆ ಸಾಕ್ಷಿ ಹುಡುಕ್ತಾರ. ಚೀನಾ-ಉತ್ತರ ಕೊರಿಯಾ ಗಡಿಯ ಚಾಂಗ್‌ಬೈಶಾನ್ ಜ್ವಾಲಾಮುಖಿ 946ರಾಗ ಸಿಡಿದ ಬೂದಿ ಸುಯಿಗೆತ್ಸುದಾಗ ಸಿಕ್ಕೈತಿ, ಗ್ರೀನ್‌ಲ್ಯಾಂಡ್ ಹಿಮದಾಗೂ ಸಿಕ್ಕೈತಿ. ಆ ಸ್ಫೋಟಕ್ಕ ಸತ್ತ ಮರದೊಳಗ ವರ್ಷಕ್ಕೊಂದು ಉಂಗುರ ಇರತೈತಿ; ಇಂಗಾಲ-14 (ಇಂಗಾಲದ ಒಂದು ವಿಕಿರಣಶೀಲ ರೂಪ) ಒಮ್ಮೆಲೆ ಏರಿದ 775ರ ಉಂಗುರದಿಂದ ತೊಗಟಿ ತನಕ ಎಣಿಸಿದ್ರ ಅದ ವರ್ಷ ಬರತೈತಿ.

ರಾಘು_ನಾಗೋಯಾ:
ಹಾಗಾದರೆ ನನ್ನ ಮೊದಲ ಮಾತನ್ನು ತಿದ್ದುತ್ತೇನೆ: ಪಶ್ಚಿಮದ ಬೆಟ್ಟಗಳಿಗೆ ಸುಯಿಗೆತ್ಸು ಒಳ್ಳೆಯ ಸಾಕ್ಷಿ, ಪೂರ್ವದವುಗಳಿಗೆ ಅಲ್ಲ. ಮುಂದಿನ ರಜೆಗೆ ಫ್ಯೂಜಿಯ ಬುಡದ ಮೊತೊಸು ಸರೋವರಕ್ಕೆ ಹೋಗುತ್ತೇನೆ, ಫೋಟೊ ಇಲ್ಲೇ ಹಾಕುತ್ತೇನೆ.