ಅಪ್‌ಡೇಟ್: ಸಿಪ್ಪೆಯ ಸೂಪಿನ ಕಹಿ ಹೋಯ್ತು

ಹೋದ ವಾರ ಕೇಳಿದ್ದೆನಲ್ಲ, ಫ್ರೀಜರಿನಲ್ಲಿ ಕೂಡಿಟ್ಟ ತರಕಾರಿ ಸಿಪ್ಪೆ, ದಂಟು ಬೇಯಿಸಿ ಸೂಪ್ ಮಾಡಿದರೆ ಕಹಿ ಬರುತ್ತೆ ಅಂತ. ಈಗ ಸರಿಹೋಯ್ತು! ಬೆಲ್ಲ ಹಾಕಿ ನೋಡಿದೆ, ಕಹಿ ಹಾಗೇ ಇತ್ತು. ಆಲೂಗಡ್ಡೆಯಿಂದಲೂ ಏನೂ ಆಗಲಿಲ್ಲ. ಕೈಹಿಡಿದಿದ್ದು "ಕೋಸು, ಹೂಕೋಸು, ಮೂಲಂಗಿ ಬಿಟ್ಟುಬಿಡಿ, ಎರಡು ಗಂಟೆ ಕುದಿಸಬೇಡಿ" ಅಂದವರ ಮಾತು. ಅವರಿಗೆ ತುಂಬಾ ಥ್ಯಾಂಕ್ಸ್. ಈಗ ಕ್ಯಾರೆಟ್ ಸಿಪ್ಪೆ, ಈರುಳ್ಳಿ ತುದಿ, ಕೊತ್ತಂಬರಿ ದಂಟು, ನಾಲ್ಕು ಕಾಳುಮೆಣಸು, ಸಣ್ಣ ಉರಿಯಲ್ಲಿ 40 ನಿಮಿಷ.

ನನಗೆ ಆಶ್ಚರ್ಯ ಆಗಿದ್ದು ಹಸಿ ಬಟಾಣಿ ಸಿಪ್ಪೆ. ಚಳಿಗಾಲದಲ್ಲಿ ಸುಲಿದು ರಾಶಿರಾಶಿ ಬಿಸಾಡುತ್ತಿದ್ದೆವು. ಬೇಯಿಸಿ, ರುಬ್ಬಿ, ಸೋಸಿದರೆ ನಾರೆಲ್ಲ ಜರಡಿಯಲ್ಲೇ ಉಳಿಯುತ್ತೆ, ಕೆಳಗೆ ಇಳಿಯೋದು ಎಳೆ ಹಸಿರು ಬಣ್ಣದ ಸಿಹಿ ರಸ. ಸೋಸದೆ ಮಾತ್ರ ಕುಡಿಯಬೇಡಿ, ಗಂಟಲಿಗೆ ಸಿಗುತ್ತೆ. ನಮ್ಮತ್ತೆ ನಿನ್ನೆ ಎರಡು ಲೋಟ ಕುಡಿದರು. ಉಳಿದ ಚರಟ ಗೊಬ್ಬರದ ಬಕೆಟ್ಟಿಗೆ ಹೋಯ್ತು.