ಕಂಡಕ್ಟರ್ ಕೂಗು ಬಂದಾಗೆಲ್ಲ ಬೇಸ್ ಕುಸಿಯುತ್ತಿದೆ, ಏನು ಮಾಡಲಿ?

ತುಂಗೆ ದಂಡೆ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರ್ "ಸಾಗರ ಸಾಗರ ಸಾಗರ ಸಾಗರ" ಅಂತ ಒಂದೇ ಉಸಿರಿನಲ್ಲಿ ಕೂಗುತ್ತಾರೆ. ಎಂಥಾ ಗಂಟಲು ಅಂತೀರಿ! ಅವರನ್ನು ಕೇಳಿ, ಒಪ್ಪಿಗೆ ತಗೊಂಡು ರೆಕಾರ್ಡ್ ಮಾಡಿದ್ದೇನೆ. ಪಕ್ಕದ ಬಸ್ಸಿನವರ "ತೀರ್ಥಳ್ಳಿ ತೀರ್ಥಳ್ಳಿ" ಕೂಡ ಇದೆ. ಈಗ ಸಾಗರದ ಕೂಗನ್ನೇ ಹುಕ್ (ಮತ್ತೆ ಮತ್ತೆ ಬರುವ ಮುಖ್ಯ ತುಣುಕು) ಮಾಡಿ ಒಂದು ಬೇಸ್ ಹೌಸ್ ಟ್ರ್ಯಾಕ್, ಅಂದರೆ ಬೇಸ್ ಜೋರಾಗಿರುವ ಡ್ಯಾನ್ಸ್ ಟ್ರ್ಯಾಕ್, ಕಟ್ಟುತ್ತಿದ್ದೇನೆ. 128 ಬಿಪಿಎಂ (ನಿಮಿಷಕ್ಕೆ 128 ಬೀಟ್), ಸಬ್ ಬೇಸ್ (ತೀರಾ ಕೆಳಗಿನ ಬೇಸ್) ಬಿ ಸ್ವರದಲ್ಲಿದೆ.

ತೊಂದರೆ ಇಷ್ಟೇ. ಕೂಗು ಇಲ್ಲದಿದ್ದಾಗ ಬೇಸ್ ಗಟ್ಟಿಯಾಗಿದೆ. ಕೂಗು ಶುರುವಾದ ಕೂಡಲೇ ಬೇಸ್ ಒಳಗೆ ಹೋಗುತ್ತದೆ. ಅದೂ ಪ್ರತಿ ಬಾರ್‌ನಲ್ಲೂ (ನಾಲ್ಕು ಬೀಟಿನ ಒಂದು ಸುತ್ತು) ಹೆಚ್ಚು ಕಡಿಮೆ ಅದೇ ಜಾಗದಲ್ಲಿ. ಸೈಡ್‌ಚೈನ್ (ಒಂದು ಸದ್ದು ಬಂದಾಗ ಇನ್ನೊಂದನ್ನು ತಗ್ಗಿಸುವುದು) ಪೂರ್ತಿ ಆಫ್ ಮಾಡಿದರೂ ಹಾಗೇ ಇದೆ.

ಕೂಗಿನ ಮೇಲೆ ಹಾಕಿರುವುದು: 6ಕ್ಕೆ 1 ಕಂಪ್ರೆಸರ್ (ಜೋರಾದ ಭಾಗವನ್ನು ಒತ್ತುವುದು), ಸುಮಾರು 10 ಡಿಬಿ ಒತ್ತಿ ಮತ್ತೆ ಮೇಲೆತ್ತಿದ್ದೇನೆ. 3 ಕಿಲೋಹರ್ಟ್ಜ್ ಹತ್ತಿರ ಸ್ವಲ್ಪ ಬೂಸ್ಟ್. ಅಗಲ ಬರಲಿ ಅಂತ ಅದರದ್ದೇ ಕಾಪಿ ಬಲಕ್ಕೆ ಹಾಕಿ 15 ಮಿಲಿಸೆಕೆಂಡ್ ತಡ ಮಾಡಿದ್ದೇನೆ. ಮಾಸ್ಟರ್‌ನಲ್ಲಿ, ಅಂದರೆ ಇಡೀ ಟ್ರ್ಯಾಕ್ ಮೇಲೆ, ಸದ್ದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಇದೆ. 5 ಇಂಚಿನ ಸ್ಪೀಕರ್, ರೂಮು 10 ಅಡಿ 12 ಅಡಿ, ಆರ್‌ಸಿಸಿ ತಾರಸಿ, ಎತ್ತರ 9 ಅಡಿ.

ಮಂಡಗದ್ದೆ ಹಕ್ಕಿ:
ಕೂಗನ್ನು ಎಲ್ಲಿ ನಿಂತು ರೆಕಾರ್ಡ್ ಮಾಡಿದಿರಿ? ಬಸ್ಸು ಸ್ಟಾರ್ಟ್ ಆಗಿತ್ತಾ?

ಮೊದಲು ಮಾಸ್ಟರ್ ಲಿಮಿಟರ್ ತೆಗೆದು, ಎಲ್ಲ ಟ್ರ್ಯಾಕ್‌ಗಳನ್ನೂ ಒಟ್ಟಿಗೆ 6 ಡಿಬಿ ಇಳಿಸಿ ಕೇಳಿ. ಕುಸಿತ ಪೂರ್ತಿ ಹೋದರೆ ತಪ್ಪು ಲಿಮಿಟರ್‌ನದ್ದು. ಅರ್ಧ ಹೋಗಿ ಅರ್ಧ ಉಳಿದರೆ ಇನ್ನೊಂದು ಕಾರಣವೂ ಇದೆ ಅಂತ ಅರ್ಥ. ಆಮೇಲೆ ಕೂಗನ್ನು ಮಾತ್ರ ಸೋಲೋ ಮಾಡಿ ವೋಕ್ಸೆಂಗೊ ಸ್ಪ್ಯಾನ್‌ನಲ್ಲಿ (ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದಿದೆ ಅಂತ ತೋರಿಸುವ ಪ್ಲಗಿನ್) ನೋಡಿ. ಅದು ಫ್ರೀ. ಬ್ಲಾಕ್ ಸೈಜ್ 16384ಕ್ಕೆ ಏರಿಸಿ, ಇಲ್ಲದಿದ್ದರೆ ಕೆಳಗಿನ ಭಾಗ ಮಸುಕಾಗಿಯೇ ಕಾಣುತ್ತದೆ. 150 ಹರ್ಟ್ಜ್ ಕೆಳಗೆ ಏನೇನಿದೆ ಅಂತ ಇಲ್ಲಿ ಹಾಕಿ.

ತುಂಗೆ ದಂಡೆ:
ಬಸ್ಸು ಆನ್ ಇತ್ತು, ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಲಿಮಿಟರ್ ತೆಗೆದಾಗ ಕುಸಿತ ಕಡಿಮೆ ಆಯಿತು, ಪೂರ್ತಿ ಹೋಗಲಿಲ್ಲ. ಸ್ಪ್ಯಾನ್‌ನಲ್ಲಿ 30, 60, 90 ಹರ್ಟ್ಜ್ ಹತ್ತಿರ ಮೂರು ಗುಡ್ಡಗಳು. 60ರದ್ದು ಕೂಗಿನಷ್ಟೇ ಎತ್ತರ ಇದೆ.

ಮಂಡಗದ್ದೆ ಹಕ್ಕಿ:
ಸಿಕ್ಕಿತು. ಅದು ಕಂಡಕ್ಟರ್ ಅಲ್ಲ, ಎಂಜಿನ್.

ಆರು ಸಿಲಿಂಡರಿನ ಡೀಸೆಲ್ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 600 ಸುತ್ತು ತಿರುಗುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ 10 ಸುತ್ತು. ಫೋರ್ ಸ್ಟ್ರೋಕ್ ಆದ್ದರಿಂದ ಒಂದು ಸುತ್ತಿಗೆ ಮೂರು ಸಿಲಿಂಡರ್ ಉರಿಯುತ್ತವೆ. 30 ಹರ್ಟ್ಜ್! ಅದರ ದುಪ್ಪಟ್ಟು 60, ಮೂರು ಪಟ್ಟು 90. ನೀವು ನೋಡಿದ ಗುಡ್ಡಗಳು ಇವೇ.

ಈಗ ನಿಮ್ಮ ಸಬ್ ನೋಡಿ. ಆ ಬಿ ಸ್ವರ 61.7 ಹರ್ಟ್ಜ್. ಎಂಜಿನ್ 60. ಇಷ್ಟು ಹತ್ತಿರದ ಎರಡು ಸ್ವರ ಸೇರಿದರೆ ಸೆಕೆಂಡಿಗೆ ಸುಮಾರು 1.7 ಸಲ ಒಂದನ್ನೊಂದು ಹೆಚ್ಚಿಸಿ, ಮತ್ತೆ ಅಳಿಸುತ್ತವೆ. 128 ಬಿಪಿಎಂನಲ್ಲಿ ಒಂದು ಬಾರ್ 1.875 ಸೆಕೆಂಡ್. ಅಂದರೆ ಬಾರ್‌ಗೆ ಮೂರು ಕಡೆ ಬೇಸ್ ಮುಳುಗುತ್ತದೆ. ಸ್ಯಾಂಪಲ್, ಅಂದರೆ ರೆಕಾರ್ಡ್ ಮಾಡಿದ ಕೂಗು, ಪ್ರತಿ ಬಾರ್‌ಗೂ ಮೊದಲಿಂದ ಶುರುವಾಗುತ್ತದೆ, ಸಬ್ ಕೂಡ ಹಾಗೇ. ಅದಕ್ಕೇ ಪ್ರತಿ ಸಲ ಅದೇ ಜಾಗ. ಒಂದೇ ಸಲ ಬರುವ ಕೂಗಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲೂಪ್ ಮಾಡಿದಾಗ ಸ್ಯಾಂಪಲ್ಲಿನ ಕೊಳೆಯೂ ಲೂಪ್ ಆಗಿ ತಾಳವಾಗಿ ಬಿಡುತ್ತದೆ.

ಇದರ ಮೇಲೆ ಕಂಪ್ರೆಸರ್ ಬೇರೆ. ಕೂಗು ನಿಂತ ತಕ್ಷಣ ಅದು ಕೈ ಬಿಡುತ್ತದೆ, ಪದಗಳ ನಡುವಿನ ಸಂದಿಯಲ್ಲಿ ಎಂಜಿನ್ ಮೇಲೆದ್ದು ಬರುತ್ತದೆ. ಆ ಹೆಚ್ಚುವರಿ ಬೇಸ್ ಲಿಮಿಟರ್‌ಗೆ ಹೋಗಿ ಇಡೀ ಟ್ರ್ಯಾಕನ್ನು ಕೆಳಗೆ ತಳ್ಳುತ್ತದೆ.

ಹೀಗೆ ಮಾಡಿ. ಕೂಗಿಗೆ 150 ಹರ್ಟ್ಜ್‌ನಲ್ಲಿ ಹೈಪಾಸ್ (ಅದರ ಕೆಳಗಿನ ಸದ್ದನ್ನು ಕತ್ತರಿಸುವ ಫಿಲ್ಟರ್), ಆಕ್ಟೇವ್‌ಗೆ 24 ಡಿಬಿ ಇಳಿಜಾರು. ಅದು ಕಂಪ್ರೆಸರ್‌ಗಿಂತ ಮೊದಲು ಬರಬೇಕು. ಈ ಕ್ರಮ ಮುಖ್ಯ, ದಯವಿಟ್ಟು ತಿರುವು ಮುರುವು ಮಾಡಬೇಡಿ. ಇದಕ್ಕೆ ಲೀನಿಯರ್ ಫೇಸ್ ಬಗೆಯ ಇಕ್ಯೂ (ಈಕ್ವಲೈಸರ್) ಬೇಡ, "ಸ" ಮತ್ತು "ಗ" ಶುರುವಾಗುವ ಮುನ್ನ ಆ ಸದ್ದಿನದ್ದೇ ಮಸುಕು ನೆರಳು ಕೇಳಿಸುತ್ತದೆ. ಮಾಮೂಲಿ ಇಕ್ಯೂ ಸಾಕು. ಆಮೇಲೆ ಪದಗಳ ನಡುವಿನ ಖಾಲಿ ಜಾಗ ಕೈಯಲ್ಲೇ ಕತ್ತರಿಸಿ, ಅಂಚಿಗೆ 5 ಮಿಲಿಸೆಕೆಂಡ್ ಫೇಡ್ ಕೊಡಿ. ಸದ್ದು ಸಣ್ಣದಾದಾಗ ಮುಚ್ಚಿಕೊಳ್ಳುವ ಗೇಟ್ ಹಾಕಬಹುದು, ಆದರೆ ಕೊನೆಯ "ರ"ದ ಬಾಲವನ್ನು ಅದು ಕಚ್ಚಿ ತಿನ್ನುತ್ತದೆ.

ಗಂಡಸರ ದನಿಯ ಮೂಲ ಸ್ವರ 85ರಿಂದ 180 ಹರ್ಟ್ಜ್ ನಡುವೆ ಇರುತ್ತದೆ, 150ಕ್ಕೆ ಕತ್ತರಿಸಿದರೆ ದನಿ ಸೊರಗಲ್ವಾ ಅಂತ ಕೇಳಬಹುದು. ಮಾತಾಡುವ ದನಿಗೆ ಆ ಲೆಕ್ಕ. ಕೂಗುವಾಗ ಸ್ವರ ಎಷ್ಟೋ ಮೇಲೇರಿರುತ್ತದೆ. ಧೈರ್ಯವಾಗಿ ಕತ್ತರಿಸಿ.

ಆಗುಂಬೆ ಮಳೆ:
ನಡುವೆ ಬಂದೆ, ಕ್ಷಮಿಸಿ. ರೂಮಿನ ಅಳತೆ ನೋಡಿ ಹೇಳಲೇಬೇಕು ಅನ್ನಿಸಿತು. 9 ಅಡಿ ಎತ್ತರ ಅಂದರೆ 2.74 ಮೀಟರ್. ನೆಲಕ್ಕೂ ತಾರಸಿಗೂ ನಡುವೆ ಸುಮಾರು 62.5 ಹರ್ಟ್ಜ್‌ನಲ್ಲಿ ನಿಂತ ಅಲೆ ಹುಟ್ಟುತ್ತದೆ. ನಿಮ್ಮ ಸಬ್ ಹೆಚ್ಚು ಕಡಿಮೆ ಅದೇ ಜಾಗದಲ್ಲಿದೆ! ಆ ಅಲೆ ನೆಲದ ಹತ್ತಿರ, ತಾರಸಿಯ ಹತ್ತಿರ ಜೋರು. ನಡು ಎತ್ತರದಲ್ಲಿ, ಅಂದರೆ ನಾಲ್ಕೂವರೆ ಅಡಿಯಲ್ಲಿ, ಸತ್ತೇ ಹೋಗುತ್ತದೆ. ಕುರ್ಚಿಯಲ್ಲಿ ಕೂತರೆ ಕಿವಿ ಸುಮಾರು ನಾಲ್ಕು ಅಡಿಯಲ್ಲಿರುತ್ತದೆ. ಅಂದರೆ ಬೇಸ್ ಇದ್ದೂ ನಿಮಗೆ ಕೇಳಿಸುತ್ತಿಲ್ಲ, ಅದಕ್ಕೇ ಏರಿಸುತ್ತಾ ಹೋಗಿದ್ದೀರಿ. ಸಬ್ ಒಂದನ್ನೇ ಸೋಲೋ ಮಾಡಿ. ಎದ್ದು ನಿಂತು ಕೇಳಿ, ನೆಲದ ಮೇಲೆ ಕೂತು ಕೇಳಿ. ವ್ಯತ್ಯಾಸ ಎದ್ದು ಕಾಣುತ್ತದೆ. ಸಬ್ ಮಟ್ಟವನ್ನು ಹೆಡ್‌ಫೋನಿನಲ್ಲೇ ತೀರ್ಮಾನ ಮಾಡಿ.

ಇನ್ನೊಂದು ಮಾತು. ಮಳೆ ಹೊಯ್ಯುವಾಗ "ಸ" ಕಾರದ ಚುರುಕನ್ನು ಮುಟ್ಟಬೇಡಿ. ಹೊರಗೆ ಶೀಟಿನ ಮೇಲೆ ಬೀಳುವ ಮಳೆ ಮೇಲಿನ ಸದ್ದನ್ನೆಲ್ಲ ಮುಚ್ಚಿಬಿಡುತ್ತದೆ, ನೀವು ಜಾಸ್ತಿ ಏರಿಸಿರುತ್ತೀರಿ. ಮಳೆ ಬಿಟ್ಟ ಮೇಲೆ ಕೇಳಿದರೆ ಕಿವಿಗೆ ಚುಚ್ಚುತ್ತದೆ. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಹೆಡ್‌ಫೋನೇ ಗತಿ.

ತುಂಗೆ ದಂಡೆ:
ಬೇಸ್ ಸರಿಹೋಯಿತು! ಹೈಪಾಸ್ ಹಾಕಿ ಸಂದಿ ಕತ್ತರಿಸಿದ ಮೇಲೆ ಕುಸಿತ ಇಲ್ಲವೇ ಇಲ್ಲ. ಎದ್ದು ನಿಂತಾಗ ಸಬ್ ಎಷ್ಟು ಜಾಸ್ತಿ ಇತ್ತು ಅಂತಲೂ ಗೊತ್ತಾಯಿತು, 4 ಡಿಬಿ ಇಳಿಸಿದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಈಗ ಉಳಿದಿರುವುದು ಮೂರು. ಗೆಳೆಯನ ಬ್ಲೂಟೂತ್ ಡಬ್ಬಿಯಲ್ಲಿ ಕೇಳಿದರೆ ಕೂಗು ಪೈಪಿನ ಒಳಗಿಂದ ಬಂದ ಹಾಗಿದೆ. ಡ್ರಾಪ್‌ನಲ್ಲಿ (ಬೀಟು, ಬೇಸು ಪೂರ್ತಿ ಜೋರಾಗಿ ಬೀಳುವ ಕಡೆ) ಗುರುಗುಟ್ಟುವ ಬೇಸ್ ಬಂದಾಗ "ಸಾಗರ" ಅನ್ನುವುದು ಏನೋ "ಸ್ಸ ಸ್ಸ" ಅಂತ ಮಾತ್ರ ಕೇಳುತ್ತದೆ. ಮತ್ತೆ, ಒಂದು ನಿಮಿಷ ಆದ ಮೇಲೆ ಕೂಗು ಬೇಜಾರು ಬರಿಸುತ್ತದೆ.

ಅಡಿಕೆ ತೋಟ:
ಪೈಪಿನ ಸದ್ದಿಗೆ ಕಾರಣ ಆ 15 ಮಿಲಿಸೆಕೆಂಡ್ ಕಾಪಿ. ಆ ಡಬ್ಬಿ ಎಡ ಬಲ ಎರಡನ್ನೂ ಕೂಡಿಸಿ ಮೋನೋ ಮಾಡುತ್ತದೆ. ಆಗ 33 ಹರ್ಟ್ಜ್, 100, 167, ಹೀಗೆ ಪ್ರತಿ 67 ಹರ್ಟ್ಜ್‌ಗೊಂದು ಕಡೆ ದನಿ ಅಳಿಸಿ ಹೋಗುತ್ತದೆ. ಬಾಚಣಿಗೆಯ ಹಲ್ಲಿನ ಹಾಗೆ. ಊರ ಕಾರ್ಯಕ್ರಮಗಳ ಸೌಂಡ್ ಸಿಸ್ಟಮ್ ಕೂಡ ಬಹಳ ಕಡೆ ಮೋನೋನೇ. ಕಾಪಿ ತೆಗೆದುಹಾಕಿ, ಮೂಲ ಕೂಗು ನಡುವಿನಲ್ಲಿ ಗಟ್ಟಿಯಾಗಿ ನಿಲ್ಲಲಿ. ಅಗಲ ಬೇಕಿದ್ದರೆ ಚಿಕ್ಕ ಸ್ಟೀರಿಯೋ ರಿವರ್ಬ್ (ಕೋಣೆಯ ಮಾರ್ದನಿ) ಕೊಡಿ, ಅದಕ್ಕೂ 400 ಹರ್ಟ್ಜ್‌ಗೆ ಹೈಪಾಸ್ ಹಾಕಿ. ಮೋನೋ ಬಟನ್ ಒತ್ತಿ ನೋಡುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಮಂಡಗದ್ದೆ ಹಕ್ಕಿ:
ಉಳಿದ ಎರಡೂ ಒಂದೇ ಪ್ರಶ್ನೆ ಅಂತ ನನಗೆ ಅನ್ನಿಸುತ್ತದೆ. ಈ ಕೂಗು ನಿಮ್ಮ ಹಾಡಿನಲ್ಲಿ ಮಾತಾ, ವಾದ್ಯವಾ? ಇದನ್ನು ತೀರ್ಮಾನಿಸದೆ ಫೇಡರ್ ಮುಟ್ಟಿದರೆ ಸುಮ್ನೆ ಸುತ್ತುತ್ತಲೇ ಇರುತ್ತೀರಿ. ನನ್ನ ಅಭಿಪ್ರಾಯ: ಮೊದಲ ನಾಲ್ಕು ಬಾರ್ ಅದು ಮಾತು, ಆಮೇಲೆ ಡ್ರಮ್ಮು. ಒಮ್ಮೆ "ಸಾಗರ" ಅಂತ ಸ್ಪಷ್ಟವಾಗಿ ಕೇಳಿದವರ ಕಿವಿ ಮುಂದಿನ ಸಲ ಅರ್ಧ ಕೇಳಿದರೂ ಉಳಿದರ್ಧ ತಾನೇ ತುಂಬಿಕೊಳ್ಳುತ್ತದೆ. ಅಲ್ಲಿಂದಾಚೆ ಪೂರ್ತಿ ಪದ ಕೇಳಿಸಲೇಬೇಕು ಅಂತ ಬೇಸ್ ಜೊತೆ ಗುದ್ದಾಡಬೇಕಾಗಿಲ್ಲ.

ಹಾಗಾಗಿ ಡ್ರಾಪ್‌ಗೆ ಮುಂಚಿನ ನಾಲ್ಕು ಬಾರ್ ಬೇಸ್ ಪೂರ್ತಿ ನಿಲ್ಲಿಸಿ, ಕೂಗು ಒಣದಾಗಿ, ಹತ್ತಿರದಲ್ಲಿ ಬರಲಿ.

ಡ್ರಾಪ್‌ನಲ್ಲಿ "ಸ" ಮಾತ್ರ ಉಳಿಯಲು ಕಾರಣ ಇದೆ. "ಆ" ಸ್ವರದ ಬಲವೆಲ್ಲ 700 ಮತ್ತು 1200 ಹರ್ಟ್ಜ್ ಸುತ್ತ ಇರುತ್ತದೆ. ಗುರುಗುಟ್ಟುವ ಬೇಸ್ ತನ್ನ ಆಟವನ್ನೆಲ್ಲ ಆಡುವುದೂ ಅಲ್ಲೇ. "ಸ" 5 ಕಿಲೋಹರ್ಟ್ಜ್ ಮೇಲಿರುತ್ತದೆ, ಅಲ್ಲಿ ಬೇಸ್ ಇಲ್ಲ, ಬದುಕಿಕೊಂಡಿದೆ. ಕೂಗಿನ ವಾಲ್ಯೂಮ್ ಏರಿಸಿದರೆ "ಸ" ಇನ್ನೂ ಚುಚ್ಚುತ್ತದೆಯೇ ಹೊರತು "ಆ" ಹೊರಬರುವುದಿಲ್ಲ. ಬೇಸನ್ನು ಎರಡು ಟ್ರ್ಯಾಕ್ ಮಾಡಿ. 120 ಹರ್ಟ್ಜ್ ಕೆಳಗಿನ ಸಬ್ ಒಂದು, ಮೇಲಿನ ಗುರುಗುಟ್ಟು ಇನ್ನೊಂದು. ಕೂಗನ್ನು ಸೈಡ್‌ಚೈನ್ ಆಗಿ ಕೊಟ್ಟು ಗುರುಗುಟ್ಟನ್ನು ಮಾತ್ರ 3 ಡಿಬಿ ಬಗ್ಗಿಸಿ. ಸಬ್ ಮುಟ್ಟಲೇಬೇಡಿ, ಎದೆಗೆ ಬಡಿಯುವುದು ಅದೇ. ರಿಲೀಸ್, ಅಂದರೆ ಬಗ್ಗಿದ್ದು ಮತ್ತೆ ಏಳುವ ಹೊತ್ತು, 120 ಮಿಲಿಸೆಕೆಂಡ್ ಸುತ್ತ ಇಡಿ. 128 ಬಿಪಿಎಂನಲ್ಲಿ ಹದಿನಾರನೇ ಒಂದು ನೋಟ್ (ಬೀಟಿನ ಕಾಲು ಭಾಗ) 117 ಮಿಲಿಸೆಕೆಂಡ್, ಹಾಗಾಗಿ ಮುಂದಿನ ಅಕ್ಷರ ಬರುವಷ್ಟರಲ್ಲಿ ಬೇಸ್ ತಲೆ ಎತ್ತಿರುತ್ತದೆ. "ಸ" ಮತ್ತು ಹೈಹ್ಯಾಟ್ ಒಟ್ಟಿಗೆ ಬೀಳುವ ಕಡೆ ಹ್ಯಾಟ್ ತೆಗೆದುಬಿಡಿ. ಆ ಕೆಲಸವನ್ನು "ಸ"ನೇ ಮಾಡುತ್ತದೆ.

ಇನ್ನು ಬೇಜಾರು. ನೀವು ಬಹುಶಃ ಡಿಲೇ, ಪಿಚ್, ಫಿಲ್ಟರ್ ಅಂತ ಹುಡುಕುತ್ತಿದ್ದೀರಿ. ಮೊದಲು ಮಾತ್ರೆ ಎಣಿಸಿ. ಶಾಲೆಯಲ್ಲಿ ಗುರು ಲಘು ಹಾಕಿದ್ದೇವಲ್ಲ, ಅದೇ. ಸಾ ಗುರು, ಗ ಲಘು, ರ ಲಘು. ನಾಲ್ಕು ಮಾತ್ರೆ. ಹದಿನಾರನೇ ನೋಟ್ ಒಂದಕ್ಕೆ ಒಂದು ಮಾತ್ರೆ ಹಿಡಿದರೆ "ಸಾಗರ" ಸರಿಯಾಗಿ ಒಂದು ಬೀಟ್. ಪ್ರತಿ ಬೀಟಿನ ಕಿಕ್ ಡ್ರಮ್ ಬೀಳುವ ಕಡೆಯೆಲ್ಲ "ಸಾ" ಬೀಳುತ್ತದೆ. ನಾಲ್ಕು ನಾಲ್ಕು ನಾಲ್ಕು ನಾಲ್ಕು, ಎಲ್ಲೂ ಬಾಗುವುದಿಲ್ಲ. ಬೇಜಾರು ಅಲ್ಲಿಂದಲೇ ಬರುತ್ತಿದೆ.

ಈಗ ನಿಮ್ಮ ಇನ್ನೊಂದು ಸ್ಯಾಂಪಲ್ ತಗೊಳ್ಳಿ. "ತೀರ್ಥಳ್ಳಿ": ತೀರ್ ಎರಡು, ಥಳ್ ಎರಡು, ಳಿ ಒಂದು. ಐದು ಮಾತ್ರೆ. ಮೂರು ಸಲ ಕೂಗಿ ಕೊನೆಯದನ್ನು "ತೀರ್ಥಳ್ಳೀ" ಅಂತ ಎಳೆದರೆ 5, 5, 6. ಒಟ್ಟು 16, ಸರಿಯಾಗಿ ಒಂದು ಬಾರ್! ಕಿಕ್ ನೆಟ್ಟಗೆ ನಡೆಯುತ್ತಿರುತ್ತದೆ, ಕೂಗು ಅದರ ಮೇಲೆ ಜಾರಿಕೊಂಡು ಹೋಗಿ ಬಾರ್ ಮುಗಿಯುವಾಗ ಕೂಡಿಕೊಳ್ಳುತ್ತದೆ. ಮೂರು ಬಾರ್ ಸಾಗರ, ನಾಲ್ಕನೆಯದು ತೀರ್ಥಳ್ಳಿ. ಪ್ಲಗಿನ್ ಒಂದೂ ಇಲ್ಲದೆ ಇಷ್ಟು ಬದಲಾವಣೆ. ಎರಡನೇ ಡ್ರಾಪ್‌ನಲ್ಲಿ "ಸಾ"ದ ದೀರ್ಘ ಕತ್ತರಿಸಿ ಸ, ಗ, ರ ಮೂರು ಮಾತ್ರೆ ಮಾಡಿ ನೋಡಿ. ಒತ್ತು ಪ್ರತಿ ಸಲ ಬೇರೆ ಕಡೆ ಬೀಳುತ್ತಾ ಹೋಗಿ ಮೂರು ಬೀಟ್‌ಗೊಮ್ಮೆ ಕಿಕ್ ಜೊತೆ ಸೇರುತ್ತದೆ.

ತುಂಗೆ ದಂಡೆ:
5, 5, 6 ಹಾಕಿದೆ. ಟ್ರ್ಯಾಕ್ ಎದ್ದು ನಿಂತಿತು, ನಿಜವಾಗಿಯೂ. ಮೂರು ಮಾತ್ರೆಯದ್ದು ಎರಡನೇ ಡ್ರಾಪ್‌ನ ಕೊನೆಗೆ ಮಾತ್ರ ಇಟ್ಟಿದ್ದೇನೆ, ಜಾಸ್ತಿ ಹೊತ್ತು ಬಂದರೆ ಕಾಲಿಗೆ ತೊಡಕು ಅನ್ನಿಸಿತು. ಗುರುಗುಟ್ಟು 3 ಡಿಬಿ ಬಗ್ಗಿಸಿದ್ದು ಸಾಕಾಯಿತು. ಇದನ್ನು ದೊಡ್ಡ ಸಿಸ್ಟಮ್‌ನಲ್ಲಿ ಹಾಕುವ ಅವಕಾಶ ಇದೆ. ಮುಂಚೆ ಏನಾದರೂ ಬದಲಿಸಬೇಕಾ?

ಮಂಡಗದ್ದೆ ಹಕ್ಕಿ:
3 ಕಿಲೋಹರ್ಟ್ಜ್ ಬೂಸ್ಟ್ ಹಾಗೇ ಇದ್ದರೆ 2 ಡಿಬಿ ಇಳಿಸಿ. ಹಾರ್ನ್ ಸ್ಪೀಕರ್ ಇರುವ ಸಿಸ್ಟಮ್‌ಗಳು ಆ ಜಾಗದಲ್ಲಿ ಮೊದಲೇ ಜೋರು, ಕೂಗು ಕಿರುಚಾಟ ಆಗುತ್ತದೆ. ಕೂಗು ಒಂದೂವರೆ ಡಿಬಿ ಕಡಿಮೆ ಇರುವ ಇನ್ನೊಂದು ಮಿಕ್ಸ್ ಕೂಡ ತೆಗೆದಿಟ್ಟುಕೊಳ್ಳಿ. ಸೌಂಡ್ ಚೆಕ್‌ನಲ್ಲಿ ಎರಡನ್ನೂ ಹಾಕಿ, ಸ್ಟೇಜ್ ಮೇಲೆ ನಿಂತಲ್ಲ, ಜನ ನಿಲ್ಲುವ ಜಾಗಕ್ಕೆ ಹೋಗಿ ಕೇಳಿ ಆರಿಸಿ.