ಬೀಜದಿಂದ ದ್ರಾಕ್ಷಿ ಬಳ್ಳಿ: ಮೊಳಕೆ ಏಕೆ ಬರುತ್ತಿಲ್ಲ, ತಾಯಿಬಳ್ಳಿಯ ಹಣ್ಣೇ ಸಿಗುವುದೇ?

ಪ್ರಶ್ನೆ

ಮನೆಯವರೆಲ್ಲರೂ ಮೆಚ್ಚಿದ ಕಪ್ಪು ದ್ರಾಕ್ಷಿಯ ಬೀಜಗಳನ್ನು ತೆಗೆದು, ನೆರಳಿನಲ್ಲಿ ಒಣಗಿಸಿ, ಗೊಬ್ಬರ ಬೆರೆಸಿದ ಮಣ್ಣಿನಲ್ಲಿ 40 ಬೀಜಗಳನ್ನು ಬಿತ್ತಿದ್ದೆ. ಪ್ರತಿದಿನ ನೀರು ಹಾಕುತ್ತಾ ಎರಡು ತಿಂಗಳು ಕಾದರೂ ಬಂದದ್ದು ಒಂದೇ ಮೊಳಕೆ, ಅದೂ ವಾರದೊಳಗೆ ಬುಡ ಕೊಳೆತು ಮಲಗಿಬಿಟ್ಟಿತು. ಬೀಜವೇ ಕೆಟ್ಟದ್ದೋ, ನಾನು ಮಾಡಿದ ಕ್ರಮ ತಪ್ಪೋ ತಿಳಿಯುತ್ತಿಲ್ಲ. ಮುಂದೆ ಬಳ್ಳಿ ಬೆಳೆದರೆ ಅದೇ ರುಚಿಯ ಹಣ್ಣು ಬರುತ್ತದೆಯೇ, ಎಷ್ಟು ವರ್ಷ ಕಾಯಬೇಕು ಎಂಬುದನ್ನೂ ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಮೊದಲ ಉತ್ತರ

ನಿಮ್ಮ ಬೀಜಗಳು ಬಹುಶಃ ಇನ್ನೂ ಸುಪ್ತಾವಸ್ಥೆಯಲ್ಲಿವೆ. ದ್ರಾಕ್ಷಿ ಮೂಲತಃ ಚಳಿಗಾಲವಿರುವ ಪ್ರದೇಶಗಳ ಬಳ್ಳಿ. ಹಣ್ಣು ಮಾಗಿ ಉದುರಿದ ಕೂಡಲೇ ಬೀಜ ಮೊಳೆತರೆ ಎಳೆಯ ಸಸಿ ಹಿಮಕ್ಕೆ ಸಿಕ್ಕಿ ಸಾಯುತ್ತದೆ. ಆದ್ದರಿಂದ ತೇವ ಮತ್ತು ತಂಪು ಎರಡನ್ನೂ ಒಟ್ಟಿಗೆ ಕೆಲವು ವಾರಗಳ ಕಾಲ ಅನುಭವಿಸಿದ ಮೇಲೆಯೇ ಹೆಚ್ಚಿನ ಬೀಜಗಳು ಎಚ್ಚರಗೊಳ್ಳುತ್ತವೆ. ಈ ಚಳಿಯನ್ನು ನಾವು ಫ್ರಿಜ್‌ನಲ್ಲಿ ಒದಗಿಸಬಹುದು.

ಬೀಜಕ್ಕೆ ಅಂಟಿದ ತಿರುಳು ಉಳಿದರೆ ಬೂಷ್ಟು ಅಲ್ಲಿಂದಲೇ ಶುರುವಾಗುವುದರಿಂದ ಚೆನ್ನಾಗಿ ಉಜ್ಜಿ ತೊಳೆಯಿರಿ. ನೀರಿನಲ್ಲಿ ಹಾಕಿದಾಗ ತೇಲುವ ಬೀಜಗಳು ಸಾಮಾನ್ಯವಾಗಿ ಜೊಳ್ಳು, ಮುಳುಗಿದವುಗಳನ್ನು ಮಾತ್ರ ಇಟ್ಟುಕೊಳ್ಳಿ. ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಒದ್ದೆಯಾದ ಮರಳಿನಲ್ಲಿ ಅವುಗಳನ್ನು ಬೆರೆಸಿ, ಮುಚ್ಚಳದ ಡಬ್ಬಿಯಲ್ಲಿ ತುಂಬಿ, ಸುಮಾರು 1ರಿಂದ 5 ಡಿಗ್ರಿ ಸೆಲ್ಸಿಯಸ್ ತಾಪಮಾನದಲ್ಲಿ ಮೂರು ತಿಂಗಳು ಇಡಬೇಕು. ಹಿಮಗಟ್ಟುವ ಭಾಗದಲ್ಲಿ ಇಡಲೇಬಾರದು. ಎರಡು ವಾರಕ್ಕೊಮ್ಮೆ ತೆರೆದು ತೇವವನ್ನೂ ಬೂಷ್ಟನ್ನೂ ನೋಡಿಕೊಳ್ಳಿ. ಅನಂತರ ಒಂದು ದಿನ ನೀರಿನಲ್ಲಿ ನೆನೆಸಿ, ಒಂದು ಸೆಂಟಿಮೀಟರ್ ಆಳದಲ್ಲಿ ಬಿತ್ತಿ, ಮಣ್ಣನ್ನು 20ರಿಂದ 30 ಡಿಗ್ರಿಯಷ್ಟು ಬೆಚ್ಚಗೆ ಇರಿಸಿದರೆ ಎರಡರಿಂದ ಎಂಟು ವಾರಗಳಲ್ಲಿ ಮೊಳಕೆಗಳು ಬರುತ್ತವೆ. ಎಲ್ಲವೂ ಒಂದೇ ದಿನ ಏಳುವುದಿಲ್ಲ, ಹಾಗಾಗಿ ಟ್ರೇಯನ್ನು ಬೇಗ ಕೈಬಿಡಬೇಡಿ.

ಈಗಾಗಲೇ ಬಿತ್ತಿರುವ ಬೀಜಗಳನ್ನೂ ಎಸೆಯಬೇಡಿ. ಎರಡು ಮೂರನ್ನು ಅಗೆದು ಸೀಳಿ ನೋಡಿ: ಒಳಗಿನ ತಿರುಳು ಬಿಳಿಯಾಗಿ ಗಟ್ಟಿಯಾಗಿದ್ದರೆ ಜೀವವಿರುವ ಸಂಭವ ಹೆಚ್ಚು, ಕಂದಾಗಿ ಮೆತ್ತಗಾಗಿದ್ದರೆ ಇಲ್ಲ. ಬುಡ ಕೊಳೆತ ಸಸಿಯ ವಿಷಯದಲ್ಲಿ ಅತಿಯಾದ ನೀರು ಮತ್ತು ಗೊಬ್ಬರವನ್ನೇ ನಾನು ಅನುಮಾನಿಸುತ್ತೇನೆ. ಮೊಳಕೆಯ ಹಂತಕ್ಕೆ ಶುದ್ಧ ಮರಳು ಮತ್ತು ತೆಂಗಿನ ನಾರಿನ ಪುಡಿ ಸಾಕು.

ಎರಡನೆಯ ಉತ್ತರ

ಮೊಳಕೆಯ ಮಾತು ಸರಿಯಾಗಿಯೇ ಹೇಳಲಾಗಿದೆ, ಆದರೆ ಪ್ರಶ್ನೆಯ ಉಳಿದ ಅರ್ಧ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಅದೇ ಹಣ್ಣು ಬೇಕೆಂಬುದು ನಿಮ್ಮ ಆಸೆಯಾದರೆ ಬೀಜದಿಂದ ಅದು ಈಡೇರುವುದಿಲ್ಲ. ದ್ರಾಕ್ಷಿಯ ಪ್ರತಿ ಬೀಜವೂ ತಂದೆತಾಯಿಯ ಗುಣಗಳ ಹೊಸ ಬೆರಕೆ. ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಿದ್ದರೂ ಸಸಿಗಳು ತಾಯಿಯಂತಿರುವುದಿಲ್ಲ, ಎಷ್ಟೋ ಸಸಿಗಳು ಬಲಹೀನವೂ ಆಗಿರುತ್ತವೆ. ಆದ್ದರಿಂದಲೇ ಹೆಸರುಳ್ಳ ತಳಿಗಳನ್ನೆಲ್ಲ ಕಡ್ಡಿ ನೆಟ್ಟು ಅಥವಾ ಕಸಿ ಕಟ್ಟಿ ಬೆಳೆಸುತ್ತಾರೆ.

ಕಾಯುವ ಕಾಲ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಎಳೆಯ ಸಸಿಯ ಮೊದಲ ಆರರಿಂದ ಹತ್ತು ಗೆಣ್ಣುಗಳಲ್ಲಿ ಹಿಡಿದು ಹಬ್ಬುವ ನುಲಿಕುಡಿಗಳೇ ಇರುವುದಿಲ್ಲ. ದ್ರಾಕ್ಷಿಯಲ್ಲಿ ಹೂಗೊಂಚಲು ಹುಟ್ಟುವುದೂ ನುಲಿಕುಡಿಯ ಜಾಗದಲ್ಲಿಯೇ ಆದ್ದರಿಂದ, ಬಾಲ್ಯ ಕಳೆಯದ ಬಳ್ಳಿಯಿಂದ ಹಣ್ಣನ್ನು ನಿರೀಕ್ಷಿಸಲಾಗದು. ಮೊದಲ ವರ್ಷಗಳಲ್ಲಿ ಅತಿಯಾಗಿ ಸವರದೆ ಒಂದೇ ಕಾಂಡವನ್ನು ಎತ್ತರಕ್ಕೆ ಹಬ್ಬಿಸಿದರೆ ಆ ಬಾಲ್ಯ ಬೇಗ ಕಳೆಯುತ್ತದೆ. ಇನ್ನೊಂದು ವಿಷಯವನ್ನೂ ತಿಳಿದಿರಬೇಕು: ಕಾಡು ದ್ರಾಕ್ಷಿಯಲ್ಲಿ ಗಂಡು ಬಳ್ಳಿ, ಹೆಣ್ಣು ಬಳ್ಳಿ ಬೇರೆಬೇರೆ; ಸಾಗುವಳಿಯ ಹೆಚ್ಚಿನ ತಳಿಗಳು ದ್ವಿಲಿಂಗಿಗಳಾದರೂ ಅವುಗಳ ಬೀಜದಿಂದ ಕೆಲವೊಮ್ಮೆ ಹೆಣ್ಣು ಬಳ್ಳಿಗಳು ಹುಟ್ಟುತ್ತವೆ. ಪಕ್ಕದಲ್ಲಿ ಪರಾಗ ಕೊಡುವ ಇನ್ನೊಂದು ಬಳ್ಳಿ ಇಲ್ಲದಿದ್ದರೆ ಅವು ಸರಿಯಾಗಿ ಕಾಯಿ ಕಟ್ಟುವುದಿಲ್ಲ.

ನನ್ನ ಸಲಹೆಯೆಂದರೆ, ಆ ಬಳ್ಳಿಯನ್ನು ಹುಡುಕಿ, ಪೆನ್ಸಿಲ್ ದಪ್ಪದ, ಮೂರು ನಾಲ್ಕು ಗೆಣ್ಣುಗಳಿರುವ ಬಲಿತ ಕಡ್ಡಿಯನ್ನು ತಂದು ನೆಡಿ. ಅದು ತಾಯಿಬಳ್ಳಿಯದೇ ಮುಂದುವರಿಕೆಯಾಗಿದ್ದು, ಎರಡು ಮೂರು ವರ್ಷಗಳಲ್ಲಿ ಹಣ್ಣು ಕೊಡುತ್ತದೆ.

ಮೂರನೆಯ ಉತ್ತರ

ಕಡ್ಡಿಯ ವಿಷಯವನ್ನು ಒಪ್ಪುತ್ತೇನೆ, ಆದರೆ ಬೀಜದ ಪ್ರಯತ್ನವನ್ನು ಬಿಟ್ಟುಬಿಡಿ ಎಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ. ಇಂದು ನಾವು ತಳಿ ಎಂದು ಕರೆಯುವ ಪ್ರತಿಯೊಂದು ದ್ರಾಕ್ಷಿಯ ಮೂಲದಲ್ಲಿಯೂ ಒಂದು ಬೀಜದ ಸಸಿ ಇದೆಯಲ್ಲವೇ? ಕ್ಯಾಬರ್ನೆ ಸೊವಿನ್ಯೋನ್ ಎಂಬ ಜಗತ್ಪ್ರಸಿದ್ಧ ತಳಿ, ಕ್ಯಾಬರ್ನೆ ಫ್ರಾಂಕ್ ಮತ್ತು ಸೊವಿನ್ಯೋನ್ ಬ್ಲಾಂಕ್ ಬಳ್ಳಿಗಳ ಸಂಕರದಿಂದ ಹುಟ್ಟಿದ್ದೆಂಬುದು 1997ರಲ್ಲಿ ಡಿಎನ್ಎ ಪರೀಕ್ಷೆಯಿಂದ ಖಚಿತವಾಯಿತು. ಅಮೆರಿಕದ ಎಫ್ರೇಮ್ ಬುಲ್ 19ನೆಯ ಶತಮಾನದಲ್ಲಿ ಸಾವಿರಾರು ಸಸಿಗಳನ್ನು ಬೆಳೆಸಿ ಆರಿಸಿದ್ದೇ ಕಾನ್‌ಕಾರ್ಡ್ ತಳಿ. ಮನೆಯಂಗಳದಲ್ಲಿ ಅಷ್ಟು ಸಸಿಗಳಿಗೆ ಜಾಗವಿಲ್ಲ, ನಿಜ. ಆದರೆ ಬೂದಿರೋಗಕ್ಕೆ ಬೇಗ ಬಲಿಯಾಗುವ ಸಸಿಗಳನ್ನು ಮೊದಲ ಎರಡು ವರ್ಷಗಳಲ್ಲಿಯೇ ಎಲೆ ನೋಡಿ ಬಿಟ್ಟುಬಿಡಬಹುದು, ಹಣ್ಣಿನವರೆಗೆ ಕಾಯಬೇಕಿಲ್ಲ.

ಬೀಜರಹಿತ ದ್ರಾಕ್ಷಿಯೊಳಗಿನ ಸಣ್ಣ ಮೆತ್ತನೆಯ ಕಾಳುಗಳನ್ನು ಬಿತ್ತಬೇಡಿ. ಗರ್ಭಾಂಕುರವಾದ ಮೇಲೆ ಬೆಳವಣಿಗೆ ನಿಂತುಹೋದ ಬೀಜಗಳವು, ಮಣ್ಣಿನಲ್ಲಿ ಮೊಳೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ನಾಲ್ಕು ಬೀಜಗಳನ್ನು ಸೀಳಿ ನೋಡಿದೆ, ಮೂರರಲ್ಲಿ ತಿರುಳು ಬಿಳಿಯಾಗಿ ಗಟ್ಟಿಯಾಗಿದೆ. ಉಳಿದವನ್ನು ತೊಳೆದು, ಮರಳಿನೊಂದಿಗೆ ಡಬ್ಬಿಗೆ ಹಾಕಿ, ದಿನಾಂಕ ಬರೆದು ಫ್ರಿಜ್‌ನಲ್ಲಿಟ್ಟಿದ್ದೇನೆ. ಹಣ್ಣು ಕೊಟ್ಟವರ ಬಳಿ ಕಡ್ಡಿಯನ್ನೂ ಕೇಳಿದ್ದೇನೆ, ಬಳ್ಳಿ ಸವರುವಾಗ ಕೊಡುವುದಾಗಿ ಹೇಳಿದ್ದಾರೆ. ಸಸಿಗಳನ್ನು ಕುಂಡದಿಂದ ನೆಲಕ್ಕೆ ಯಾವಾಗ ಇಳಿಸಬೇಕು?

ಮೊದಲ ಉತ್ತರ ಬರೆದವರು

ಬೀಜದಳಗಳ ಮೇಲೆ ನಾಲ್ಕೈದು ನಿಜವಾದ ಎಲೆಗಳು ಬಂದಾಗ ಒಂದೊಂದನ್ನೂ ಬೇರೆ ಕುಂಡಕ್ಕೆ ಬದಲಿಸಿ. ಸಸಿ ಒಂದು ಅಡಿ ಎತ್ತರವಾದ ಮೇಲೆ, ನೀರು ನಿಲ್ಲದ, ದಿನಕ್ಕೆ ಏಳೆಂಟು ಗಂಟೆ ಬಿಸಿಲು ಬೀಳುವ ಜಾಗದಲ್ಲಿ ನೆಡಿ. ಮೊದಲ ವಾರ ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಮರೆ ಇರಲಿ.